ನಿಮಗಿದು ಗೊತ್ತೆ? ಒಂದು ಟ್ಯಾಂಕ್ ಎಥೆನಾಲ್, ಹತ್ತು ತಿಂಗಳ ರೊಟ್ಟಿ

ಒಂದು ಕ್ವಿಂಟಲ್ ಮೆಕ್ಕೆಜೋಳದಿಂದ ಸುಮಾರು 40 ಲೀಟರ್ ಎಥೆನಾಲ್ ಸಿಗುತ್ತದೆ. ಕಾರಿನ 50 ಲೀಟರ್ ಟ್ಯಾಂಕನ್ನು ಬರೀ ಎಥೆನಾಲ್‌ನಿಂದ ತುಂಬಲು ಸುಮಾರು 125 ಕೆ.ಜಿ. ಕಾಳು ಬೇಕು. ದಿನಕ್ಕೆ 400 ಗ್ರಾಂನಂತೆ ಅದು ಒಬ್ಬರಿಗೆ ಹತ್ತು ತಿಂಗಳಿಗೆ ಸಾಕು!

● ಪೆಟ್ರೋಲಿಗೆ ಜೈವಿಕ ಇಂಧನ ಬೆರೆಸುವುದನ್ನು ಅಮೆರಿಕ 2005ರಲ್ಲಿ ಕಡ್ಡಾಯ ಮಾಡಿತು. ಈಗ ಅಲ್ಲಿನ ಮೆಕ್ಕೆಜೋಳದ ಮೂರನೇ ಒಂದು ಭಾಗಕ್ಕೂ ಹೆಚ್ಚು ಎಥೆನಾಲ್ ಘಟಕಗಳಿಗೆ ಹೋಗುತ್ತದೆ. ಅದರಲ್ಲಿ ಸ್ವಲ್ಪ ಪಾಲು ಪಶು ಆಹಾರವಾಗಿ ಮರಳುತ್ತದೆ.

● 2007ರ ಜನವರಿಯಲ್ಲಿ ಮೆಕ್ಸಿಕೋದ ಬಡವರ ನಿತ್ಯದ ಊಟವಾದ ಟೋರ್ಟಿಯಾ, ಅಂದರೆ ಮೆಕ್ಕೆಜೋಳದ ರೊಟ್ಟಿ, ವಿಪರೀತ ತುಟ್ಟಿಯಾಯಿತು. ಸಾವಿರಾರು ಜನ ಬೀದಿಗಿಳಿದರು. ಸರ್ಕಾರ ಕಿಲೋಗೆ 8.50 ಪೆಸೊ ದರ ಮಿತಿ ಹಾಕಿತು. ಬೆಲೆ ಏರಿಕೆಗೆ ಅಮೆರಿಕದ ಎಥೆನಾಲ್ ಬೇಡಿಕೆ ಕಾರಣವೆಂಬ ಮಾತಿನ ಜೊತೆಗೆ ದಾಸ್ತಾನುದಾರರ ಕೈವಾಡದ ಆರೋಪವೂ ಕೇಳಿಬಂತು.

● 2023ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಮಳೆ ಕೈಕೊಟ್ಟಿತು. ಸಕ್ಕರೆ ಕೊರತೆಯ ಭಯದಿಂದ ಡಿಸೆಂಬರ್‌ನಲ್ಲಿ ಕೇಂದ್ರವು ಕಬ್ಬಿನ ರಸದ ಎಥೆನಾಲ್‌ಗೆ ಕಡಿವಾಣ ಹಾಕಿತು. ಬೇಡಿಕೆ ಮೆಕ್ಕೆಜೋಳದತ್ತ ತಿರುಗಿತು. ಬೆಳೆಗಾರರಿಗೆ ಒಳ್ಳೆಯ ಬೆಲೆ ಸಿಕ್ಕರೆ, ಕೋಳಿ ಸಾಕಣೆದಾರರಿಗೆ ಕೋಳಿ ಆಹಾರದ ಖರ್ಚು ಭಾರವಾಯಿತು. ರಫ್ತು ಮಾಡುತ್ತಿದ್ದ ಭಾರತ 2024ರಲ್ಲಿ ಮ್ಯಾನ್ಮಾರ್‌ನಿಂದ ಮೆಕ್ಕೆಜೋಳ ತರಿಸಿಕೊಂಡಿತು.

ರೈತನಿಗೆ ಬೆಲೆ ಸಿಗಲೇಬೇಕು; ಬಡವನ ತಟ್ಟೆಯೂ ಬರಿದಾಗಬಾರದು.