ಹೊರುವುದಕ್ಕೆ ಸ್ಪ್ರಿಂಗ್, ಮೆತ್ತಗಿಡುವುದಕ್ಕೆ ಫೋಮ್

ಹಾಸಿಗೆ ಒಂದೇ ಆದರೂ ಅದರ ಮೇಲೆ ಬಿದ್ದಿರುವ ಹೊಣೆ ಎರಡು. ಸೊಂಟ ಕುಸಿಯದಂತೆ ಮೈಭಾರ ಹೊರಬೇಕು; ಹೆಗಲು, ಪೃಷ್ಠದಂಥ ಉಬ್ಬಿದ ಭಾಗಗಳನ್ನು ಒತ್ತದಂತೆ ಮೆತ್ತಗೂ ಇರಬೇಕು. ಮೊದಲನೆಯದಕ್ಕೆ ಬಿಗುವು ಬೇಕು, ಎರಡನೆಯದಕ್ಕೆ ತಗ್ಗುವ ಗುಣ. ಒಂದೇ ವಸ್ತುವಿನಿಂದ ಎರಡನ್ನೂ ಸಾಧಿಸಲು ಹೊರಟಾಗಲೆಲ್ಲ ಒಂದರಲ್ಲಿ ಕೊರತೆ ಉಳಿಯುತ್ತದೆ. ಇಂದು ‘ಹೈಬ್ರಿಡ್’ ಎಂದು ಮಾರಾಟವಾಗುವ ಹಾಸಿಗೆ ಈ ತೊಡಕಿಗೆ ಶತಮಾನಕ್ಕೂ ಹೆಚ್ಚು ಕಾಲದಲ್ಲಿ ಹಂತಹಂತವಾಗಿ ಸಿಕ್ಕ ಉತ್ತರ: ಕೆಳಗೆ ಸ್ಪ್ರಿಂಗು ಭಾರ ಹೊರುತ್ತದೆ, ಮೇಲೆ ಫೋಮು ಒತ್ತಡ ಹಂಚುತ್ತದೆ. ಈ ಕೆಲಸದ ಹಂಚಿಕೆ ಅರ್ಥವಾದವರಿಗೆ ಕೊಳ್ಳುವಾಗ ಏನನ್ನು ಕೇಳಬೇಕೆಂಬುದೂ ತಿಳಿಯುತ್ತದೆ. ಉಳಿದವರು ಹೆಸರಿಗೇ ದುಡ್ಡು ತೆರುತ್ತಾರೆ.

ಸ್ಪ್ರಿಂಗ್ ಹಾಸಿಗೆ ಹತ್ತೊಂಬತ್ತನೆಯ ಶತಮಾನದ ಸೃಷ್ಟಿ. ಆ ಬಗೆಯ ಹಾಸಿಗೆಗಳಲ್ಲಿ ಸುರುಳಿಗಳನ್ನೆಲ್ಲ ತಂತಿಯಿಂದ ಒಂದಕ್ಕೊಂದು ಹೆಣೆದಿರುತ್ತಾರೆ. ಇಂದು ಬೊನೆಲ್ ಎಂಬ ಹೆಸರಿನಲ್ಲಿ ಸಿಗುವುದೂ ಈ ಜಾತಿಯದೇ. ಹೆಣೆದ ಸುರುಳಿಗಳು ಒಟ್ಟಾಗಿ ತಗ್ಗುತ್ತವೆ. ಒಬ್ಬರು ಮಗ್ಗುಲು ಬದಲಿಸಿದರೆ ಪಕ್ಕದಲ್ಲಿ ಮಲಗಿದವರಿಗೂ ಅಲುಗಾಟ ತಟ್ಟುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ್ದ ಎಂಜಿನಿಯರ್ ಜೇಮ್ಸ್ ಮಾರ್ಷಲ್ 1900ರ ಸುಮಾರಿಗೆ ಪೇಟೆಂಟ್ ಪಡೆದ ಉಪಾಯ ಸರಳವಾಗಿತ್ತು: ಪ್ರತಿ ಸುರುಳಿಯನ್ನೂ ಪುಟ್ಟ ಬಟ್ಟೆಚೀಲದೊಳಗೆ ಅದುಮಿ ಹೊಲಿಯುವುದು. ಆಗ ಭಾರ ಬಿದ್ದ ಸುರುಳಿ ತಗ್ಗುತ್ತದೆ, ಅದರ ನೆರೆಯದು ತನ್ನ ಪಾಡಿಗೆ ನಿಂತಿರುತ್ತದೆ. ಆದರೆ ನೂರಾರು ಚೀಲಗಳನ್ನು ಕೈಯಲ್ಲೇ ತುಂಬಿ ಹೊಲಿಯಬೇಕಾಗಿದ್ದ ಕಾಲದಲ್ಲಿ ಇದು ಉಳ್ಳವರ ಸೊತ್ತಾಗಿತ್ತು. 1925ರಲ್ಲಿ ಅಮೆರಿಕದ ಸಿಮನ್ಸ್ ಕಂಪನಿ ಈ ಕೆಲಸಕ್ಕೆ ಯಂತ್ರ ಹೂಡಿ ‘ಬ್ಯೂಟಿರೆಸ್ಟ್’ ಹಾಸಿಗೆಯನ್ನು ಮಾರುಕಟ್ಟೆಗೆ ತಂದ ಮೇಲೆ ಪಾಕೆಟ್ ಸ್ಪ್ರಿಂಗ್ ಸಾಮಾನ್ಯರ ಮಲಗುವ ಕೋಣೆಯತ್ತ ಹೊರಳಿತು.

ಫೋಮಿನ ದಾರಿ ಬೇರೆಯೇ. 1929ರಲ್ಲಿ ಬ್ರಿಟನ್ನಿನ ಡನ್ಲಪ್ ಕಂಪನಿಯ ಪ್ರಯೋಗಾಲಯದಲ್ಲಿ ರಬ್ಬರ್ ಹಾಲನ್ನು ನೊರೆಬರುವಂತೆ ಕಡೆದು ಗಟ್ಟಿಯಾಗಿಸಿ ಲ್ಯಾಟೆಕ್ಸ್ ಫೋಮ್ ಮಾಡಿದರು. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ಪಾಲಿಯುರೆಥೇನ್ ರಸಾಯನವನ್ನು ಕಂಡುಕೊಂಡರು. 1950ರ ದಶಕದಲ್ಲಿ ಅದರ ಮೆದು ಫೋಮು ವಾಣಿಜ್ಯ ಉತ್ಪಾದನೆಗೆ ಬಂತು. 1966ರಲ್ಲಿ ನಾಸಾಕ್ಕಾಗಿ ವಿಮಾನದ ಆಸನಗಳನ್ನು ಸುರಕ್ಷಿತಗೊಳಿಸುವ ಕೆಲಸದಲ್ಲಿ ಚಾರ್ಲ್ಸ್ ಯೋಸ್ಟ್ ರೂಪಿಸಿದ ಫೋಮು ಮುಂದೆ ಮೆಮೊರಿ ಫೋಮ್ ಎಂದು ಹೆಸರಾಯಿತು. ಮೈಯ ಬಿಸಿಗೆ ಮೆದುವಾಗಿ ದೇಹದ ಆಕಾರಕ್ಕೆ ಒಗ್ಗುವುದು ಇದರ ಗುಣ. ಹೀಗೆ ಸುತ್ತಿಕೊಳ್ಳುವುದರಿಂದಲೇ ಮೈಯ ಶಾಖ ಹೊರಹೋಗಲು ದಾರಿ ಸಿಗದೆ ಸೆಕೆಯಾಗುವುದು ಇದರ ದೋಷ. ಸ್ಪ್ರಿಂಗಿನ ನಡುವೆಯಾದರೋ ಗಾಳಿಯಾಡಲು ಧಾರಾಳ ಜಾಗವಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲದು ಎಂಬ ಈ ಲೆಕ್ಕಾಚಾರವೇ ಇವೆರಡನ್ನೂ ಒಂದೇ ಹೊದಿಕೆಯೊಳಗೆ ಕೂಡಿಸಿತು.

ಗಟ್ಟಿ ಹಾಸಿಗೆಯೇ ಬೆನ್ನಿಗೆ ಹಿತ, ಇಷ್ಟೆಲ್ಲ ಮೆತ್ತಗೆ ಯಾಕೆ ಎಂಬ ಆಕ್ಷೇಪ ನಮ್ಮಲ್ಲಿ ಬಲವಾಗಿದೆ. ಅದಕ್ಕೆ ಹಿನ್ನೆಲೆಯೂ ಇದೆ. ಚಾಪೆ, ಜಮಖಾನೆ, ಹತ್ತಿಯ ಹಾಸಿಗೆಗಳಲ್ಲಿ ಬೆಳೆದ ನಾಡು ಇದು. 1962ರಲ್ಲಿ ಶುರುವಾದ ಬೆಂಗಳೂರಿನ ಕರ್ಲ್‌ಆನ್ ಕಂಪನಿ ಮನೆಮಾತಾಗಿಸಿದ್ದು ಕೂಡ ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಅಚ್ಚೊತ್ತಿದ ಬಿಗಿ ಹಾಸಿಗೆಯನ್ನೇ. ಆದರೆ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸ್ಪೇನಿನ ಅಧ್ಯಯನ ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿತು. ಬಹುಕಾಲದಿಂದ ಸೊಂಟನೋವಿದ್ದ 313 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಗಟ್ಟಿ ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಬಿಗಿಯ ಹಾಸಿಗೆ ಕೊಟ್ಟು 90 ದಿನಗಳ ನಂತರ ನೋಡಿದಾಗ, ಮಧ್ಯಮ ಬಿಗಿಯಲ್ಲಿ ಮಲಗಿದವರೇ ಹೆಚ್ಚು ಸುಧಾರಿಸಿದ್ದರು. ಇದು ಹೈಬ್ರಿಡ್ ಪರವಾದ ಸಾಕ್ಷ್ಯವಲ್ಲ. ಮಧ್ಯಮ ಬಿಗಿ ಬೇರೆ ಬಗೆಯ ಹಾಸಿಗೆಗಳಲ್ಲೂ ಸಿಗುತ್ತದೆ. ಆದರೆ ‘ಗಟ್ಟಿಯಾದಷ್ಟೂ ಒಳ್ಳೆಯದು’ ಎಂಬ ಅಳತೆಗೋಲನ್ನು ಕೈಬಿಡಲು ಇಷ್ಟು ಸಾಕು.

ಹಾಗಾದರೆ ಅಂಗಡಿಯಲ್ಲಿ ಕೇಳಬೇಕಾದ್ದೇನು? ಮೊದಲು ಒಳಗಿನ ಪದರಗಳ ಲೆಕ್ಕ: ಸ್ಪ್ರಿಂಗ್ ಪಾಕೆಟ್ಟಿನದೋ ಬೊನೆಲ್ಲೋ, ಅದರ ಎತ್ತರವೆಷ್ಟು, ಮೇಲಿನ ಫೋಮು ಎಷ್ಟು ಇಂಚು. ಒಂದಿಂಚು ಫೋಮು ಹಾಸಿ ಹೈಬ್ರಿಡ್ ಎಂದು ಚೀಟಿ ಅಂಟಿಸುವುದು ಕಷ್ಟವಲ್ಲ. ಆದರೆ ಅಷ್ಟು ತೆಳು ಪದರದ ಕೆಳಗಿನ ಸ್ಪ್ರಿಂಗು ಬೇಗನೆ ಮೈಗೆ ತಾಕುತ್ತದೆ. ಎರಡನೆಯದು ಫೋಮಿನ ಡೆನ್ಸಿಟಿ. 32 ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ 32 ಕಿಲೋ. ಇದು ಮುಖ್ಯವಾಗಿ ಬಾಳಿಕೆಯ ಸೂಚನೆ, ಗಟ್ಟಿತನದ್ದಲ್ಲ. ಹೆಚ್ಚು ಡೆನ್ಸಿಟಿಯ ಫೋಮು ಮೆತ್ತಗೂ ಇರಬಹುದು. ಮೂರನೆಯದು ತಂತಿಯ ಗೇಜ್: ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು, ಸ್ಪ್ರಿಂಗ್ ಮೆದು. ಕೊನೆಗೆ, ಮನೆಯಲ್ಲಿ ಮಲಗುವ ಭಂಗಿಯಲ್ಲೇ ಹತ್ತು ನಿಮಿಷ ಮಲಗಿ ನೋಡಬೇಕು. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ಸಲೀಸಾಗಿ ತೂರಿದರೆ ಹಾಸಿಗೆ ನಿಮಗೆ ಗಟ್ಟಿಯಾಯಿತು; ಸೊಂಟವೇ ಹಳ್ಳಕ್ಕಿಳಿದಂತಾದರೆ ಮೆತ್ತಗಾಯಿತು. ಮಗ್ಗುಲಾಗಿ ಮಲಗುವವರಿಗೆ ಹೆಗಲು ಇಳಿಯುವಷ್ಟು ಮೆದು ಬೇಕು. ಬೋರಲು ಮಲಗುವವರಿಗೆ, ಮೈತೂಕ ಹೆಚ್ಚಿರುವವರಿಗೆ ಬಿಗಿ ಹೆಚ್ಚಿರಬೇಕು.

ಇನ್ನೊಂದು ಆಕ್ಷೇಪವನ್ನು ತಳ್ಳಿಹಾಕಲಾಗದು. ಹತ್ತಿಯ ಹಾಸಿಗೆ ಗಂಟುಕಟ್ಟಿದರೆ ಬಿಚ್ಚಿ, ಹಿಂಜಿಸಿ, ಮತ್ತೆ ತುಂಬಿಸಬಹುದು. ಬಿಸಿಲಿಗೆ ಹಾಕಿದರೆ ಉಬ್ಬಿ ಬರುತ್ತದೆ. ಹೈಬ್ರಿಡ್ಡಿಗೆ ಅಂಥ ಮರುಜನ್ಮವಿಲ್ಲ. ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. ಒಬ್ಬರೇ ಮಲಗುವ, ತಂಪು ಊರಿನ, ಮೈತೂಕ ಕಡಿಮೆಯಿರುವ ಮಂದಿಗೆ ಒಳ್ಳೆಯ ಫೋಮ್ ಅಥವಾ ನಾರಿನ ಹಾಸಿಗೆಯೇ ಸಾಕಾಗಬಹುದು. ಹೈಬ್ರಿಡ್ಡಿನ ಬೆಲೆಗೆ ತಕ್ಕ ಪ್ರಯೋಜನ ಸಿಗುವುದು ಇಬ್ಬರು ಮಲಗುವ, ಸೆಕೆ ಹೆಚ್ಚಿರುವ, ಬಿಗಿ ಮೆದು ಎರಡೂ ಬೇಕಾದ ಮನೆಗಳಲ್ಲಿ. ದುರಸ್ತಿಯಾಗದ ವಸ್ತುವೆಂಬ ಕಾರಣಕ್ಕೇ ಅದರ ಪದರಗಳ ವಿವರವನ್ನು ಬಿಲ್ಲಿನ ಜೊತೆ ಬರಹದಲ್ಲಿ ಪಡೆಯಬೇಕು, ವಾರಂಟಿ ಎಷ್ಟು ಇಂಚಿನ ತಗ್ಗಿನಿಂದ ಅನ್ವಯಿಸುತ್ತದೆ ಎಂದು ಓದಬೇಕು, ಮಂಚದ ಹಲಗೆಗಳು ಬಾಗದೆ ಸಮನಾಗಿವೆಯೇ ನೋಡಬೇಕು. ಒಳಗಿರುವುದನ್ನು ಹೇಳಲು ಹಿಂಜರಿಯುವ ಅಂಗಡಿಯಲ್ಲಿ, ಹೊದಿಕೆ ಎಷ್ಟೇ ಚೆಂದವಿದ್ದರೂ, ಹಾಸಿಗೆ ಕೊಳ್ಳಬಾರದು.