ಮೀಟರಿನ ಮುಳ್ಳು ಏಕೆ ಮೇಲೇಳಲಿಲ್ಲ?



ಸೈಕಲ್ ಡೈನಮೋ 6 ವೋಲ್ಟ್ ವಿದ್ಯುತ್ ಕೊಡುತ್ತದೆ. ಎರಡು ಡಯೋಡ್, ಎರಡು ಕೆಪಾಸಿಟರ್ ಜೋಡಿಸಿ ಅದನ್ನು 15 ವೋಲ್ಟ್‌ಗೆ ಏರಿಸಬಹುದು. ಈ ಮಂಡಲದ ಹೆಸರು ವೋಲ್ಟೇಜ್ ಡಬ್ಲರ್. ಮದ್ದೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಏಳನೇ ತರಗತಿಯವರು ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಇದನ್ನು ಕಟ್ಟಿದ್ದರು. ನಾನು ಹೋದಾಗ ಎಲ್ಲರ ಮುಖವೂ ಬಾಡಿತ್ತು. ಮರುದಿನವೇ ಪ್ರದರ್ಶನ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಎಷ್ಟು ಪೆಡಲ್ ತಿರುಗಿಸಿದರೂ ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳುತ್ತಿರಲಿಲ್ಲ.

"ಗೋಡೆಯ ಪ್ಲಗ್ಗಿಗೆ ಕೊಟ್ಟು ನೋಡೋಣವೇ ಸಾರ್?" ಎಂದ ಒಬ್ಬ. ನನ್ನ ಎದೆ ಝಲ್ಲೆಂದಿತು. ಅಲ್ಲಿರುವುದು 230 ವೋಲ್ಟ್! ಕೆಪಾಸಿಟರ್ ಸಿಡಿಯುತ್ತದೆ, ಮುಟ್ಟಿದವರ ಪ್ರಾಣವೇ ಹೋಗಬಹುದು. ನೀವು ಎಂದೂ ಹಾಗೆ ಮಾಡಬೇಡಿ.

ಈ ಮಂಡಲ ಹೇಗೆ ಕೆಲಸ ಮಾಡುತ್ತದೆ? ಡೈನಮೋದ ವಿದ್ಯುತ್ತು ಮತ್ತೆ ಮತ್ತೆ ದಿಕ್ಕು ಬದಲಿಸುತ್ತದೆ. ಒಂದು ಸರದಿಯಲ್ಲಿ ಮೊದಲ ಡಯೋಡಿನ ಮೂಲಕ ಮೊದಲ ಕೆಪಾಸಿಟರ್ ತುಂಬುತ್ತದೆ. ದಿಕ್ಕು ತಿರುಗಿದಾಗ ಆ ಡಯೋಡ್ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಗ ತುಂಬಿದ ಕೆಪಾಸಿಟರ್ ಡೈನಮೋದ ಹೆಗಲೇರಿ ನಿಂತಂತಾಗಿ, ಎರಡರ ವೋಲ್ಟೇಜೂ ಸೇರಿ, ಎರಡನೇ ಡಯೋಡಿನ ಮೂಲಕ ಎರಡನೇ ಕೆಪಾಸಿಟರಿಗೆ ಹೋಗುತ್ತದೆ. ಟಾರ್ಚಿನ ಸೆಲ್ ಹಾಕಿದರೆ ಇದು ನಡೆಯದು. ಸೆಲ್ಲಿನ ವಿದ್ಯುತ್ತಿಗೆ ದಿಕ್ಕು ಬದಲಿಸಲು ಬಾರದು.

ಆರರ ಎರಡರಷ್ಟು ಹನ್ನೆರಡಲ್ಲವೇ, ಹದಿನೈದು ಹೇಗೆ? ಒಳ್ಳೆಯ ಪ್ರಶ್ನೆ. ಮೀಟರ್ 6 ವೋಲ್ಟ್ ಎಂದಾಗ ವಿದ್ಯುತ್ತಿನ ಅಲೆಯ ತುದಿ ಸುಮಾರು 8.5 ವೋಲ್ಟ್ ಮುಟ್ಟಿರುತ್ತದೆ. ಅದರ ಎರಡರಷ್ಟು 17. ಎರಡು ಡಯೋಡುಗಳೂ ಸೇರಿ ಸುಮಾರು 1.4 ವೋಲ್ಟ್ ಸುಂಕ ವಸೂಲಿ ಮಾಡುತ್ತವೆ!

ಈಗ ದೋಷ ಹುಡುಕೋಣ. ಮಕ್ಕಳು ಡಯೋಡನ್ನು ಬಿಚ್ಚಲು ಹೊರಟಿದ್ದರು. ನಾನು ತಡೆದೆ. ನೀರು ಬಾರದಿದ್ದರೆ ಮೊದಲು ನಲ್ಲಿ ಬಿಚ್ಚುತ್ತೇವೆಯೇ? ಟ್ಯಾಂಕ್ ನೋಡುತ್ತೇವೆ. ಡೈನಮೋವನ್ನು ಮಂಡಲದಿಂದ ಬೇರ್ಪಡಿಸಿ, ಮೀಟರನ್ನು ಎ.ಸಿ.ಗೆ ತಿರುಗಿಸಿ ಅಳೆದೆವು. ಅಲ್ಲೂ ಸೊನ್ನೆ! ಡೈನಮೋಗೆ ಒಂದೇ ತಂತಿಯ ತುದಿ ಇರುತ್ತದೆ, ಎರಡನೇ ತುದಿ ಅದರ ಲೋಹದ ಮೈ. ಮಕ್ಕಳು ತಂತಿಯನ್ನು ಮೈಗೇನೋ ಸುತ್ತಿದ್ದರು, ಆದರೆ ಬಣ್ಣದ ಮೇಲೆ. ಬಣ್ಣದಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಮರಳು ಕಾಗದದಿಂದ ಉಜ್ಜಿದೆವು, 6 ವೋಲ್ಟ್ ಬಂತು.

ಮಂಡಲಕ್ಕೆ ಜೋಡಿಸಿ, ಡಿ.ಸಿ.ಯಲ್ಲಿ ಅಳೆದರೆ ಮತ್ತೆ ಸೊನ್ನೆ. ದೋಷ ಒಂದೇ ಇರಬೇಕೆಂದೇನಿಲ್ಲವಲ್ಲ! ಡಯೋಡಿನ ಒಂದು ತುದಿಯಲ್ಲಿ ಪಟ್ಟಿ ಇರುತ್ತದೆ. ವಿದ್ಯುತ್ತು ಹೊರಬರುವುದು ಆ ಕಡೆಯಿಂದ. ಡಯೋಡುಗಳು ಕೂಡುವಲ್ಲಿ ಒಂದರ ಪಟ್ಟಿಯಿರುವ ತುದಿಗೆ ಇನ್ನೊಂದರ ಪಟ್ಟಿಯಿಲ್ಲದ ತುದಿ ಸೇರಬೇಕು. ಇಲ್ಲಿ ಪಟ್ಟಿಯಿಲ್ಲದ ತುದಿಗಳೆರಡೂ ಸೇರಿದ್ದವು. ಮೊದಲ ಡಯೋಡನ್ನು ತಿರುಗಿಸಿದೆವು. ಅಷ್ಟು ಹೊತ್ತು ಉಲ್ಟಾ ತುಂಬಿಕೊಂಡಿರಬಹುದಾದ ಮೊದಲ ಕೆಪಾಸಿಟರನ್ನೂ ಬದಲಿಸಿದೆವು. ಮುಳ್ಳು 15ಕ್ಕೆ ಜಿಗಿಯಿತು. (ಕೆಪಾಸಿಟರ್ 50 ವೋಲ್ಟಿನದ್ದೇ ಇರಲಿ, ಪೆಡಲ್ ಜೋರಾದರೆ ವೋಲ್ಟೇಜೂ ಏರುತ್ತದೆ.)

ಸಂತೋಷದಿಂದ ಬೈಕಿನ 12 ವೋಲ್ಟ್ ಬಲ್ಬ್ ಜೋಡಿಸಿದರು. ಅದು ಹೊತ್ತಲಿಲ್ಲ, ಮುಳ್ಳೂ ಕುಸಿಯಿತು! ಇದು ದೋಷವಲ್ಲ. ವೋಲ್ಟೇಜ್ ಹೆಚ್ಚಿದರೆ ಸಿಗುವ ಪ್ರವಾಹ ಕಡಿಮೆಯಾಗುತ್ತದೆ, ಏಕೆಂದರೆ ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಇದೇ ಗುಣ ಉಪಯೋಗಕ್ಕೆ ಬಂತು. 1902ರಲ್ಲಿ ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದಾಗ ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜ್ ಏರಿಸಿದ್ದರು. ತಂತಿಯಲ್ಲಿ ಪ್ರವಾಹ ಕಡಿಮೆಯಾದಷ್ಟೂ ಶಾಖವಾಗಿ ನಷ್ಟವಾಗುವ ಶಕ್ತಿಯೂ ಕಡಿಮೆ.

ಬಲ್ಬಿನ ಬದಲು ಐದು ಕೆಂಪು ಎಲ್‌ಇಡಿಗಳನ್ನು ಸಾಲಾಗಿ, ಒಂದು ಕಿಲೋ ಓಮ್ ರೋಧಕದೊಡನೆ ಜೋಡಿಸಿದೆವು. ನೇರ ಡೈನಮೋಗೆ ಕೊಟ್ಟಾಗ ಅವು ಕತ್ತಲಾಗಿದ್ದವು. ಡಬ್ಲರ್‌ಗೆ ಕೊಟ್ಟೊಡನೆ ಐದೂ ಹೊತ್ತಿದವು. ಪ್ಲಗ್ಗಿನ ಮಾತೆತ್ತಿದ್ದ ಹುಡುಗನೇ ಮರುದಿನ ಪೆಡಲ್ ತಿರುಗಿಸಿದ.