ಕೊರೊನಾ ಅಕ್ಕಿ, ಕೊರೊನಾ ದುಡ್ಡು: ಜನ ಅಂದದ್ದು, ಆದೇಶದಲ್ಲಿ ಇದ್ದದ್ದು

"ಕೊರೊನಾ ಮುಗೀತು ಅಂತ ನಮ್ಮ ಅಕ್ಕಿ ಅರ್ಧ ಕಿತ್ಕೊಂಡ್ರು." ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಕಡೆಯ ನ್ಯಾಯಬೆಲೆ ಅಂಗಡಿಗಳ ಮುಂದೆ ಈ ಮಾತಿಗೆ ಇನ್ನೊಂದು ಜೋಡಿ ಮಾತೂ ಇದೆ: "ಸರ್ಕಾರ ಕೊಡ್ತಾನೇ ಅದೆ, ಸೊಸೈಟಿಯವನೇ ತಿಂದ್ಕೋತಾನೆ." ತೂಕದಲ್ಲಿ ಕೈಚಳಕ ತೋರುವ ಅಂಗಡಿಗಳು ಇಲ್ಲವೆಂದಲ್ಲ. ಆದರೆ 2023ರ ಜನವರಿಯಲ್ಲಿ ಚೀಲ ಹಗುರಾದದ್ದಕ್ಕೆ ಕಾರಣ ಅಂಗಡಿಯವನೂ ಅಲ್ಲ, ಹಳೆಯ ಪಾಲಿಗೆ ಬಿದ್ದ ಕತ್ತರಿಯೂ ಅಲ್ಲ.

ಅದಕ್ಕೆ ಮುಂಚಿನ ಕೊರೊನಾ ದಿನಗಳಲ್ಲಿ ಒಂದೇ ಚೀಲಕ್ಕೆ ಎರಡು ಲೆಕ್ಕದ ಧಾನ್ಯ ಬೀಳುತ್ತಿತ್ತು. ಒಂದು, ಆಹಾರ ಭದ್ರತಾ ಕಾಯ್ದೆಯಂತೆ ಬಿಪಿಎಲ್ ಕಾರ್ಡಿನಲ್ಲಿ ತಲೆಗೆ 5 ಕೆಜಿ, ಅಂತ್ಯೋದಯ ಕಾರ್ಡಾದರೆ ಮನೆಗೆ 35 ಕೆಜಿ. ಇದು ಕಾಯಂ. ಇನ್ನೊಂದು, 2020ರ ಮಾರ್ಚ್ 26ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪ್ರಕಟಿಸಿದ 1.70 ಲಕ್ಷ ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿದ್ದ ಪ್ರಧಾನ ಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆ. ಕಾಯಂ ಪಾಲಿನ ಮೇಲೆ ತಲೆಗೆ ಇನ್ನೂ 5 ಕೆಜಿ, ಪುಕ್ಕಟೆ. ಐದು ಜನರ ಬಿಪಿಎಲ್ ಮನೆಗೆ 25ರ ಜೊತೆ ಇನ್ನೊಂದು 25. ನಂಜನಗೂಡಿನ ಔಷಧ ಕಾರ್ಖಾನೆಯ ಸೋಂಕಿನ ಸುದ್ದಿ ಹೊರಬಿದ್ದು ತಾಲ್ಲೂಕಿಗೆ ತಾಲ್ಲೂಕೇ ಬಾಗಿಲು ಹಾಕಿಕೊಂಡಿದ್ದೂ ಅದೇ ಹೊತ್ತಿನಲ್ಲಿ. ಕೂಲಿ ನಿಂತ ಮನೆಗಳಲ್ಲಿ ಆ ಎರಡನೇ 25 ಕೆಜಿ ಏನು ಮಾಡಿತೆಂದು ಅಲ್ಲಿಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಈ ಹೆಚ್ಚುವರಿ ಅಕ್ಕಿಗೆ ಮೊದಲ ದಿನದಿಂದಲೂ ಕೊನೆಯ ತಾರೀಕು ಬರೆದೇ ಇತ್ತು. ಮೊದಲು ಏಪ್ರಿಲ್‌ನಿಂದ ಜೂನ್, ಆಮೇಲೆ 2020ರ ನವೆಂಬರ್‌ವರೆಗೆ. ಆಮೇಲೆ ಐದು ತಿಂಗಳು ಇರಲೇ ಇಲ್ಲ. ಎರಡನೇ ಅಲೆ ಬಂದಾಗ, 2021ರ ಮೇ ತಿಂಗಳಲ್ಲಿ ಮತ್ತೆ ಶುರುವಾಗಿ ಕಂತುಕಂತಾಗಿ ಮುಂದಕ್ಕೆ ಹೋಗಿ 2022ರ ಡಿಸೆಂಬರ್‌ಗೆ ನಿಂತಿತು. ಒಟ್ಟು 28 ತಿಂಗಳು. ಅಷ್ಟು ಕಾಲ ಬಂದದ್ದು ಯಾರ ಕಣ್ಣಿಗೂ ಕಾಯಂ ಎಂದೇ ಕಾಣುತ್ತದೆ, ಜನರ ತಪ್ಪಲ್ಲ.

ಗೊಂದಲ ಬೆಳೆಸಿದ್ದು ಹೆಸರು. ಹೆಚ್ಚುವರಿ ಪಾಲು ನಿಂತ ಮರುದಿನವೇ, 2023ರ ಜನವರಿ 1ರಿಂದ, ಕೇಂದ್ರವು ಕಾಯಂ ಪಾಲನ್ನು ಉಚಿತ ಮಾಡಿ ಅದಕ್ಕೂ ಗರೀಬ್ ಕಲ್ಯಾಣ್ ಅನ್ನ ಎಂದೇ ಹೆಸರಿಟ್ಟಿತು. ಟಿವಿಯಲ್ಲಿ ಉಚಿತ ಅಕ್ಕಿ ಮುಂದುವರಿಕೆ ಎಂಬ ಸುದ್ದಿ, ಅಂಗಡಿಯಲ್ಲಿ ಅರ್ಧ ಚೀಲ. ಅಂಗಡಿಯವನ ಮೇಲೆ ಗುಮಾನಿ ಬರದೆ ಇನ್ನೇನು? ಕರ್ನಾಟಕದ ಮಟ್ಟಿಗೆ ಇನ್ನೂ ಒಂದು ತಮಾಷೆಯಿದೆ. ಕೆಜಿಗೆ 3 ರೂಪಾಯಿಯ ಆ ಅಕ್ಕಿಯ ದುಡ್ಡನ್ನು ಇಲ್ಲಿ 2015ರಿಂದಲೂ ಅನ್ನಭಾಗ್ಯದ ಲೆಕ್ಕದಲ್ಲಿ ರಾಜ್ಯವೇ ಕಟ್ಟುತ್ತಿತ್ತು. ಹಾಗಾಗಿ 2023ರ ಉಚಿತದಿಂದ ಹೊರೆ ಇಳಿದದ್ದು ವಿಧಾನಸೌಧದ ಖಜಾನೆಗೆ. ಹುಲ್ಲಹಳ್ಳಿಯ ಕಾರ್ಡುದಾರರ ಜೇಬಿಗೆ ಏನೂ ಸೇರಲಿಲ್ಲ. ಅದೇ ವರ್ಷ ಜುಲೈನಲ್ಲಿ ತಲೆಗೆ 170 ರೂಪಾಯಿ ಬರತೊಡಗಿದ್ದು ರಾಜ್ಯದ ಗ್ಯಾರಂಟಿ, ಅದಕ್ಕೂ ಕೊರೊನಾಕ್ಕೂ ನಂಟಿಲ್ಲ.

ಬೇಳೆಯ ಜಗಳವೂ ಇದೇ ಜಾತಿಯದು. 2020ರಲ್ಲಿ ಮನೆಗೆ ತಿಂಗಳಿಗೆ 1 ಕೆಜಿ ಬೇಳೆಕಾಳು ಯೋಜನೆಯಲ್ಲೇ ಇತ್ತು. 2021ರಲ್ಲಿ ಅಕ್ಕಿ ಮರಳಿ ಬಂತು, ಬೇಳೆ ಬರಲಿಲ್ಲ. ಅಂಗಡಿಯವನು ಮುಚ್ಚಿಟ್ಟಿದ್ದಲ್ಲ, ಆ ವರ್ಷ ಅದನ್ನು ಕೊಡುವ ಆದೇಶವೇ ಇರಲಿಲ್ಲ.

"ಐನೂರು ರೂಪಾಯಿ ತೆಗೀದೇ ಬಿಟ್ರೆ ಸರ್ಕಾರ ವಾಪಸ್ ತಗೊಳ್ಳುತ್ತೆ." ಹೆಂಗಸರ ಜನಧನ್ ಖಾತೆಗೆ ಕೇಂದ್ರ ಹಾಕಿದ ದುಡ್ಡಿನ ಬಗೆಗಿನ ಈ ಪುಕಾರು 2020ರ ಏಪ್ರಿಲ್‌ನಲ್ಲಿ ದೇಶದ ತುಂಬ ಹಬ್ಬಿತ್ತು. ಲಾಕ್‌ಡೌನಿನಲ್ಲೂ ಬ್ಯಾಂಕುಗಳ ಮುಂದೆ ಸಾಲು ಬೆಳೆಯಲು ಇದೂ ಒಂದು ಕಾರಣ. ಜಮೆಯಾದ ಹಣ ಖಾತೆದಾರಳದ್ದೇ, ಯಾವಾಗ ಬೇಕಾದರೂ ತೆಗೆಯಬಹುದು ಎಂದು ಕೇಂದ್ರ ಸರ್ಕಾರವೇ ಹೇಳಬೇಕಾಯಿತು. ಗುಂಪು ತಪ್ಪಿಸಲು ಖಾತೆ ಸಂಖ್ಯೆಯ ಕೊನೆಯ ಅಂಕಿ ನೋಡಿ ದಿನ ಹಂಚಿದ್ದರು: 0, 1 ಇದ್ದವರಿಗೆ ಏಪ್ರಿಲ್ 3, 2 ಮತ್ತು 3ಕ್ಕೆ ಏಪ್ರಿಲ್ 4, ಹೀಗೆ 9ನೇ ತಾರೀಕಿನವರೆಗೆ. ಆ ಪಟ್ಟಿಯೇ ಭಯಕ್ಕೆ ತುಪ್ಪ ಸುರಿದಂತಿತ್ತು. "ನಿನ್ನ ದಿನ ಇದು" ಅಂದರೆ "ನಾಳೆ ಸಿಗಲ್ಲ" ಎಂದೇ ಕೇಳಿಸುತ್ತದೆ. ಈ ದುಡ್ಡು ಬಂದದ್ದು ಮೂರು ತಿಂಗಳು, ಹೆಂಗಸರ ಜನಧನ್ ಖಾತೆಗೆ ಮಾತ್ರ. ಅದೇ ಬ್ಯಾಂಕಿನಲ್ಲಿ, ಅದೇ ಬಣ್ಣದ ಪಾಸ್‌ಬುಕ್ಕಿದ್ದರೂ ಮಾಮೂಲಿ ಉಳಿತಾಯ ಖಾತೆಯವಳಿಗೆ ಬರಲಿಲ್ಲ. ಬಿಪಿಎಲ್ ಕಾರ್ಡಿದೆಯೇ ಎಂದು ಯಾರೂ ಕೇಳಿರಲಿಲ್ಲ.

ಅವಳಿಗೆ ಬಂತು, ನನಗಿಲ್ಲ ಎಂಬ ಈ ಗೊಂದಲ ಮುದುಕರ ಪಿಂಚಣಿಯಲ್ಲಿ ಇನ್ನೂ ಕಹಿಯಾಯಿತು. ಪಕ್ಕದ ಮನೆಯ ಅಜ್ಜಿಗೆ ಸಾವಿರ ಬಂತು, ನಮ್ಮವ್ವನಿಗೆ ಇಲ್ಲ, ಪಂಚಾಯ್ತಿಯವರು ಬೇಕಾದವರಿಗೆ ಹಾಕಿಸಿದರು ಎಂಬ ದೂರು. ಕೇಂದ್ರದ ಆ 1,000 ರೂಪಾಯಿ ಎರಡು ಕಂತಿನಲ್ಲಿ ಹೋದದ್ದು ಕೇಂದ್ರದ ಪಟ್ಟಿಯಲ್ಲಿದ್ದ ವೃದ್ಧರು, ವಿಧವೆಯರು, ಅಂಗವಿಕಲರಿಗೆ. ಸಂಧ್ಯಾ ಸುರಕ್ಷಾ ರಾಜ್ಯದ್ದೇ ಸ್ವಂತ ಪಿಂಚಣಿ ಯೋಜನೆ, 2007ರದ್ದು. ಅದರವರು ಆ ಪಟ್ಟಿಯಲ್ಲಿರಲಿಲ್ಲ. ಇಬ್ಬರು ಅಜ್ಜಿಯರೂ ಒಂದೇ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟವರು, ಇಬ್ಬರಿಗೂ ಅದು "ಪಿಂಚಣಿ" ಅಷ್ಟೇ. ಪಂಚಾಯ್ತಿಯ ಕೈ ಇದರಲ್ಲಿ ಇರಲಿಲ್ಲ. ರಾಜ್ಯ ಪ್ರಕಟಿಸಿದ್ದು ಬೇರೆ: ಎರಡು ತಿಂಗಳ ಪಿಂಚಣಿ ಮುಂಗಡ. ಮುಂಗಡವೆಂದರೆ ಮುಂದೆ ಬರಬೇಕಾದದ್ದು ಮೊದಲೇ ಬಂದದ್ದು, ದುಪ್ಪಟ್ಟಾದದ್ದಲ್ಲ. ಪಿಎಂ ಕಿಸಾನ್‌ನ ಏಪ್ರಿಲ್ ಕಂತು 2,000 ರೂಪಾಯಿಯೂ ಹಾಗೆಯೇ, ವರ್ಷದ 6,000ದೊಳಗಿನದೇ. ಪರಿಹಾರದ ಪಟ್ಟಿಯಲ್ಲಿ ಅದನ್ನೂ ಸೇರಿಸಿ ಓದಿದ್ದು ಸರ್ಕಾರದ ಜಾಣತನ ಎನ್ನದೆ ವಿಧಿಯಿಲ್ಲ.

ಗಾರೆ ಕೆಲಸದವರಿಗೆ 2020ರಲ್ಲಿ 5,000, 2021ರಲ್ಲಿ 3,000 ರೂಪಾಯಿ ಬಂತಲ್ಲ, ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾದವರಿಗೆ ಮಾತ್ರ. ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ಶೇ 1ರ ಸೆಸ್ ಆ ಮಂಡಳಿಯ ಬಂಡವಾಳ. ಇಪ್ಪತ್ತು ವರ್ಷ ಕರಣೆ ಹಿಡಿದರೂ ಕಾರ್ಡು ಮಾಡಿಸದವನಿಗೆ ಸಿಗಲಿಲ್ಲ.

ಸಾಲದ ಕಂತಿನ ವಿಚಾರದಲ್ಲಿ ಸಂಘದ ಹೆಂಗಸರು ಹೆಚ್ಚು ಮೋಸಹೋದರು. "ಆರು ತಿಂಗಳು ಕಟ್ಟೋದು ಬೇಡ, ಬಡ್ಡಿ ಮನ್ನಾ ಅಂತೆ." ರಿಸರ್ವ್ ಬ್ಯಾಂಕು 2020ರ ಮಾರ್ಚ್ 27ರಂದು ಹೇಳಿದ್ದು ಕಂತು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿದ್ದೇನೆ ಎಂದಷ್ಟೇ, ಅವಧಿ ಕೊನೆಗೆ ಆಗಸ್ಟ್ 31ರವರೆಗೆ ಬೆಳೆಯಿತು. ಬಡ್ಡಿ ಅಷ್ಟೂ ದಿನ ಓಡುತ್ತಲೇ ಇತ್ತು. ಲಕ್ಷ ರೂಪಾಯಿ ಅಸಲು, ವರ್ಷಕ್ಕೆ ಶೇ 12 ಬಡ್ಡಿ ಎಂದಿಟ್ಟುಕೊಳ್ಳಿ. ಆರು ತಿಂಗಳು ಕಂತು ಕಟ್ಟದಿದ್ದರೆ ಸರಳ ಬಡ್ಡಿ 6,000. ಬಡ್ಡಿಗೂ ತಿಂಗಳು ತಿಂಗಳು ಬಡ್ಡಿ ಸೇರಿದರೆ 6,152. ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 2 ಕೋಟಿ ರೂಪಾಯಿವರೆಗಿನ ಸಾಲಗಾರರಿಗೆ ತುಂಬಿಕೊಟ್ಟದ್ದು ಈ ಎರಡರ ನಡುವಿನ ವ್ಯತ್ಯಾಸವನ್ನು, ಅಂದರೆ 152 ರೂಪಾಯಿಯನ್ನು. ಪೇಪರಿನಲ್ಲಿ ಅದಕ್ಕೆ ಬಡ್ಡಿ ಮನ್ನಾ ಎಂಬ ತಲೆಬರಹ. 6,000 ಸಾಲಗಾರಳ ತಲೆಯ ಮೇಲೇ ಉಳಿಯಿತು. ನಂಜನಗೂಡಿನ ಕಾರ್ಖಾನೆಗಳಿಗೆ ಹೋಗುವ ಹುಡುಗರು ಕೊರೊನಾ ಹಣವೆಂದು ತೆಗೆದ ಪಿಎಫ್ ಮುಂಗಡವೂ ಅವರದೇ ಉಳಿತಾಯ. ಮರಳಿ ಕಟ್ಟಬೇಕಿಲ್ಲ, ಹಾಗಂತ ಸರ್ಕಾರದ ಕೊಡುಗೆಯೂ ಅಲ್ಲ.

ಇಷ್ಟರಲ್ಲೆಲ್ಲ ನಷ್ಟವಾದದ್ದು ನೂರು, ಸಾವಿರ ರೂಪಾಯಿಗಳಲ್ಲಿ. ಸಾವಿನ ಪರಿಹಾರದ ತಪ್ಪು ತಿಳಿವಳಿಕೆ ದೊಡ್ಡದು. "ಡೆತ್ ಸರ್ಟಿಫಿಕೇಟಿನಲ್ಲಿ ಕೋವಿಡ್ ಅಂತ ಬರೆದಿಲ್ಲ, ಅರ್ಜಿ ಹಾಕಿ ಪ್ರಯೋಜನವಿಲ್ಲ" ಎಂದು ಸುಮ್ಮನಾದ ಮನೆಗಳಿವೆ. ಸುಪ್ರೀಂ ಕೋರ್ಟು 2021ರ ಅಕ್ಟೋಬರ್ 4ರಂದು ಹೇಳಿದ್ದು ಇದರ ತದ್ವಿರುದ್ಧ: ಪ್ರಮಾಣಪತ್ರದಲ್ಲಿ ಆ ಕಾರಣ ಇಲ್ಲವೆಂಬ ಒಂದೇ ನೆಪದಿಂದ 50,000 ರೂಪಾಯಿ ಪರಿಹಾರ ನಿರಾಕರಿಸುವಂತಿಲ್ಲ. ಪಾಸಿಟಿವ್ ವರದಿ ಬಂದು 30 ದಿನದೊಳಗೆ ತೀರಿಕೊಂಡರೆ, ಆಸ್ಪತ್ರೆಯ ಹೊರಗೆ ಸತ್ತಿದ್ದರೂ, ಅದು ಕೋವಿಡ್ ಸಾವೇ. ತಕರಾರಿದ್ದರೆ ತೀರ್ಮಾನಿಸಲು ಜಿಲ್ಲೆಯಲ್ಲೇ ಸಮಿತಿಯಿತ್ತು.

ಇನ್ನೊಂದು ನಂಬಿಕೆ, ಬಿಪಿಎಲ್ ಕಾರ್ಡಿಲ್ಲದವರಿಗೆ ಏನೂ ಇಲ್ಲವೆಂಬುದು. ಇಲ್ಲಿ ಎರಡು ಹಣ ಬೆರೆತುಹೋದವು. 2021ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಪ್ರಕಟಿಸಿದ 1 ಲಕ್ಷ ರಾಜ್ಯದ್ದು. ಅದು ಬಿಪಿಎಲ್ ಮನೆಗೆ, ಒಂದು ಮನೆಗೆ ಒಬ್ಬರ ಲೆಕ್ಕದಲ್ಲಿ. 50,000 ವಿಪತ್ತು ಪರಿಹಾರ ನಿಧಿಯದ್ದು. ಅದಕ್ಕೆ ಕಾರ್ಡಿನ ಬಣ್ಣ ಲೆಕ್ಕಕ್ಕಿರಲಿಲ್ಲ, ಸತ್ತ ಪ್ರತಿಯೊಬ್ಬರಿಗೂ ಇತ್ತು. ಒಂದೇ ಮನೆಯಲ್ಲಿ ಗಂಡ, ಅತ್ತೆ ಇಬ್ಬರನ್ನೂ ಕಳೆದುಕೊಂಡವಳು ಒಂದು ಅರ್ಜಿ ಹಾಕಿ ಮುಗಿಯಿತು ಎಂದುಕೊಂಡಿದ್ದರೆ ಒಂದು 50,000 ಅಲ್ಲೇ ಉಳಿದುಹೋದಂತೆ.

ಅರ್ಜಿಗೆ ಗಡುವು ಬಿದ್ದದ್ದು 2022ರ ಮಾರ್ಚ್ 24ರ ಆದೇಶದಲ್ಲಿ: ಮಾರ್ಚ್ 20ಕ್ಕೆ ಮುಂಚಿನ ಸಾವುಗಳಿಗೆ ಆದೇಶದ ದಿನದಿಂದ 60 ದಿನ, ಆಮೇಲಿನವಕ್ಕೆ ಸಾವಿನ ದಿನದಿಂದ 90 ದಿನ. ಗಡುವಿನೊಳಗೆ ಬರಲಾಗದಷ್ಟು ಕಷ್ಟವಿದ್ದವರು ಕುಂದುಕೊರತೆ ಸಮಿತಿಯ ಮುಂದೆ ಹೋಗಬಹುದು ಎಂಬ ಸಾಲನ್ನೂ ನ್ಯಾಯಾಲಯ ಅದೇ ಆದೇಶದಲ್ಲಿ ಸೇರಿಸಿತ್ತು. ಅರ್ಜಿ ಹಾಕದ ಮನೆಗಳ ಪೈಕಿ ಎಷ್ಟು ಮನೆಗೆ ಆ ಸಾಲು ತಲುಪಿತೋ.